ಹಿತ್ತಲ ಕೋಳಿಗೆ ಎರಡು ಹೊತ್ತಿನ ಕಾವಲು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಸೀಮೆಯಲ್ಲಿ ಆಳೆತ್ತರದ ಬೆಳೆಯೇ ನರಿ, ಕಾಡುಬೆಕ್ಕು, ಮುಂಗುಸಿಗಳಿಗೆ ಆಸರೆ. ಕಟಾವಾದೊಡನೆ ಅವು ನೆಲೆ ತಪ್ಪಿ ಊರಂಚಿನ ಹಿತ್ತಲಿಗೆ ಬರುತ್ತವೆ. ಜವಾರಿ ಕೋಳಿ ಸಾಕಿದವರಿಗೆ ನಷ್ಟ. ಕಾಫಿ, ಅಡಿಕೆ ತೋಟದವರಾದ ನಮಗೂ ಈ ಕಾಟ ಹೊಸದಲ್ಲ.

ರಾತ್ರಿ ಗೂಡಿನ ಬಾಗಿಲು ಹಾಕಿ ನಾವು ನಿಶ್ಚಿಂತರಾಗಿದ್ದೆವು. ನಡುಮಧ್ಯಾಹ್ನ ಮುಂಗುಸಿ ಎಂಟು ಮರಿಗಳನ್ನು ಮುಗಿಸಿತು. ನರಿ, ಕಾಡುಬೆಕ್ಕು ಹೆಚ್ಚಾಗಿ ಕತ್ತಲೆಯಲ್ಲಿ ಬಂದರೆ, ಮುಂಗುಸಿ, ಹದ್ದು ಹಗಲುಗಳ್ಳರು. ಆದ್ದರಿಂದ ಮರಿಗಳು ಬಲಿಯುವವರೆಗೆ ಹಗಲಲ್ಲಿಯೂ ತಾಯಿಯೊಡನೆ ಬಲೆ ಹೊದಿಸಿದ ಜಾಗದಲ್ಲೇ ಇರಲಿ. ಗೂಡಿಗೆ ಅಗಲ ಕಣ್ಣಿನ ಕೋಳಿಬಲೆ ಸಾಲದು. ಅರ್ಧ ಅಂಗುಲ ಕಣ್ಣಿನ ಗಟ್ಟಿ ತಂತಿಜಾಲರಿ ಬೇಕು. ಅದರ ಅಂಚನ್ನು ಒಂದು ಅಡಿ ಮಣ್ಣಿನಲ್ಲಿ ಹೂಳಬೇಕು, ಇಲ್ಲವಾದರೆ ಅಡಿಯಿಂದ ತೋಡಿ ನುಗ್ಗುತ್ತವೆ. ಹೊತ್ತು ಮುಳುಗುವ ಮುನ್ನ ಕೋಳಿ ಎಣಿಸಿ ಚಿಲಕ ಹಾಕಬೇಕು.

ಸಿಟ್ಟಿನಿಂದ ವಿಷ ಇಡುವವರಿದ್ದಾರೆ. ಅದನ್ನು ತಿಂದು ಮನೆಯ ನಾಯಿಯೂ ಸಾಯುತ್ತದೆ. ಈ ಕಾಡುಪ್ರಾಣಿಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕಬ್ಬು ಕಡಿಯುವ ಇಲಿಗಳನ್ನು ಹಿಡಿಯುವವೂ ಇವೇ. ಕೂಲಿ ಕೇಳದ ಇಂಥ ಆಳುಗಳನ್ನು ಕಳೆದುಕೊಳ್ಳುವುದಕ್ಕಿಂತ ಜಾಲರಿಯ ಖರ್ಚೇ ಲೇಸು.