ಅನುಕರಣದಿಂದ ಅನುಭವಕ್ಕೆ

ಮನೆಯ ಮಗು ಹಾಡಿದಾಗ ‘ಥೇಟ್ ಇಂಥವರ ಹಾಗೆಯೇ ಹಾಡುತ್ತದೆ’ ಎಂದು ಮೆಚ್ಚುವುದು ನಮ್ಮಲ್ಲಿ ರೂಢಿ. ಕೇಳಿದ್ದನ್ನು ಹಿಡಿದಿಡುವ ಕಿವಿ ದೊಡ್ಡ ವರವೇ ಸರಿ. ಆದರೆ ಆ ವರ ಎಲ್ಲಿಗೆ ಮುಟ್ಟಬೇಕೆಂಬುದನ್ನು ಅರಿಯಲು ಪಂಡಿತ ಕುಮಾರ ಗಂಧರ್ವರ ಜೀವನವನ್ನು ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಜನಿಸಿದ ಶಿವಪುತ್ರನೆಂಬ ಬಾಲಕನು ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ಮಹಾಗಾಯಕರ ಹಾಡುಗಳನ್ನು ತಾನೆಯೊಂದೂ ತಪ್ಪದಂತೆ ಮರಳಿ ಹಾಡಿ ಹಿರಿಯರನ್ನು ಬೆರಗುಗೊಳಿಸುತ್ತಿದ್ದನು. ‘ಕುಮಾರ ಗಂಧರ್ವ’ ಎಂಬ ಬಿರುದನ್ನು ಅನುಗ್ರಹಿಸಿದವರು ಲಿಂಗಾಯತ ಮಠದ ಗುರುಗಳೇ. ಊರೂರುಗಳಲ್ಲಿ ಸಭೆಗಳು ತುಂಬಿದವು. ಇಷ್ಟಕ್ಕೇ ತೃಪ್ತರಾಗಿದ್ದರೆ ಪರರ ಕಂಠದ ಪ್ರತಿಧ್ವನಿಯಾಗಿಯೇ ಅವರ ಬಾಳು ಮುಗಿಯುತ್ತಿತ್ತೇನೋ.

ಆದರೆ ಬಾಲಕನನ್ನು ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರರ ಬಳಿಗೆ ಕಳುಹಿಸಲಾಯಿತು. ಅಲ್ಲಿ, ತಾನು ಹಾಡುತ್ತಿದ್ದುದರ ಶಾಸ್ತ್ರವನ್ನು ಮೊದಲಿನಿಂದ ಕಲಿಯಬೇಕಾಯಿತು. ಮುಂದೆ ಕ್ಷಯರೋಗ ತಗುಲಿ, ಮಧ್ಯಪ್ರದೇಶದ ದೇವಾಸದಲ್ಲಿ ಹಲವು ವರ್ಷ ಹಾಡದೆ ಮಲಗಿರಬೇಕಾಯಿತು. ಆ ಮೌನದಲ್ಲಿ ಕಿವಿಗೆ ಬಿದ್ದ ಮಾಳವದ ಜಾನಪದ ಗೀತೆಗಳಲ್ಲಿ ಅವರು ರಾಗಗಳ ಮೂಲವನ್ನು ಅರಸಿದರು. 1950ರ ದಶಕದಲ್ಲಿ ಮರಳಿ ಹಾಡತೊಡಗಿದಾಗ ಒಂದು ಶ್ವಾಸಕೋಶ ನಿರುಪಯುಕ್ತವಾಗಿತ್ತು. ಉಳಿದ ಉಸಿರಿಗೆ ತಕ್ಕಂತೆ ಕಿರಿದಾದ, ಮಿಂಚಿನಂಥ ಸ್ವರಪುಂಜಗಳು ಮೂಡಿದವು. ಅದು ಯಾರ ಗಾಯನವನ್ನೂ ಹೋಲದ ಗಾಯನವಾಯಿತು.

ಮರಾಠಿ ರಂಗಭೂಮಿಯ ಬಾಲಗಂಧರ್ವರನ್ನು ಅನುಕರಿಸಿದವರು ಅನೇಕರು. ಕುಮಾರರೂ ಅವರ ಪದಗಳನ್ನು ಹಾಡಿದರು. ಆದರೆ ಆ ಕಾರ್ಯಕ್ರಮಕ್ಕೆ ಇಟ್ಟ ಹೆಸರಿನ ಅರ್ಥ ‘ನಾನು ಅರಿತ ಬಾಲಗಂಧರ್ವ’ ಎಂದು. ಹಿರಿಯರ ಧ್ವನಿಯನ್ನು ಕದಿಯದೆ ಅವರ ಭಾವವನ್ನು ಅರಿತು ಹಾಡುವುದೇ ನಿಜವಾದ ಗೌರವವೆಂದು ಈ ಹೆಸರೇ ಸಾರುತ್ತದೆ. 1990ರಲ್ಲಿ ಪದ್ಮವಿಭೂಷಣ ಪಡೆದ ಅವರು 1992ರ ಜನವರಿ 12ರಂದು ಲಿಂಗೈಕ್ಯರಾದರು.

ಧ್ವನಿಯ ನಕಲನ್ನು ಇಂದು ಯಂತ್ರವೂ ಮಾಡಬಲ್ಲದು. 2024ರ ತಮಿಳು ಚಿತ್ರ ‘ಲಾಲ್ ಸಲಾಂ’ನ ಗೀತೆಯೊಂದಕ್ಕಾಗಿ ಎ. ಆರ್. ರೆಹಮಾನರು ಗತಿಸಿದ ಇಬ್ಬರು ಗಾಯಕರ ಕಂಠವನ್ನು, ಅವರ ಕುಟುಂಬಗಳ ಒಪ್ಪಿಗೆ ಪಡೆದು, ಕಂಪ್ಯೂಟರಿನಿಂದ ಮರುಸೃಷ್ಟಿಸಿದರು. ಹೋಲಿಕೆಯೊಂದೇ ಗುರಿಯಾದರೆ ನಮ್ಮ ಮಕ್ಕಳು ಇಂಥ ಯಂತ್ರದೊಡನೆ ಸ್ಪರ್ಧಿಸಬೇಕಾದೀತು.

ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮಗು ಅನುಕರಿಸಲಿ, ತಡೆಯಬೇಡಿ, ಒಬ್ಬರನ್ನಲ್ಲ, ಹಲವರನ್ನು ಕೇಳಿಸಿರಿ, ತಾಳ್ಮೆಯುಳ್ಳ ಗುರುವಿನ ಬಳಿಗೆ ಕಳುಹಿಸಿರಿ. ಹಾಡು ಮುಗಿದ ಮೇಲೆ ‘ಯಾರ ಹಾಗೆ ಹಾಡಿದೆ?’ ಎನ್ನುವುದರ ಬದಲು ‘ಈ ಹಾಡಿನಲ್ಲಿ ನಿನಗೇನು ಕಂಡಿತು?’ ಎಂದು ಕೇಳಿರಿ.