ಜೀಪಿನ ಹೊಸ್ತಿಲಿಗೊಂದು ಕಾವಲು

ಮನೆಗೆ ಹೊಸ್ತಿಲು ಇರುವ ಹಾಗೆ ಜೀಪಿಗೂ ಒಂದು ಹೊಸ್ತಿಲು ಇದೆ. ಬಾಗಿಲು ತೆರೆದು ಕಾಲೆತ್ತಿ ಒಳಗಿಡುವಾಗ ಕೆಳಗೆ ಉದ್ದಕ್ಕೆ ಮಲಗಿರುವ ತಗಡಿನ ಪಟ್ಟಿ ಕಾಣುತ್ತದಲ್ಲ, ಅದೇ. ಗ್ಯಾರೇಜಿನವರು ಅದನ್ನು ಸಿಲ್ ಎನ್ನುತ್ತಾರೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ನೆಲಕ್ಕೆ ಹತ್ತಿರವಾಗಿ ಇರುವುದರಿಂದ ಕಲ್ಲುದಾರಿಯಲ್ಲಿ ಪೆಟ್ಟು ತಿನ್ನುವ ಪಾಳಿ ಹೆಚ್ಚಾಗಿ ಅದರದ್ದೇ. ಆ ಹೊಸ್ತಿಲಿಗೆ ಕಾವಲಾಗಿ ಹಾಕುವ ಉಕ್ಕಿನ ಕೊಳವೆಗೆ ರಾಕ್ ಸ್ಲೈಡರ್ ಎಂದು ಹೆಸರು. ಈ ದಸರಾ ರಜೆಯಲ್ಲಿ ನಮ್ಮ ಮನೆಯಂಗಳದಲ್ಲೇ ಅದನ್ನು ಜೋಡಿಸಿದೆವು. ನಾನು, ಏಳನೇ ತರಗತಿಯ ಮೊಮ್ಮಗಳು, ನಾಲ್ಕನೇ ತರಗತಿಯ ಮೊಮ್ಮಗ, ಜೊತೆಗೆ ಊರಿನ ಗ್ಯಾರೇಜಿನ ಮೇಸ್ತ್ರಿ.

ನಮ್ಮ ಮನೆ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಒಳಗಿದೆ. ಡಾಂಬರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರು ಕಲ್ಲುದಾರಿ, ನಡುವೆ ಒಂದು ಹಳ್ಳ. ಆಸ್ಪತ್ರೆಗೆ, ಸಂತೆಗೆ, ಪಡಿತರಕ್ಕೆ ಇದೊಂದೇ ದಾರಿ. ಪ್ರತಿ ಮಳೆಗಾಲಕ್ಕೂ ಮಣ್ಣು ಕೊಚ್ಚಿಹೋಗಿ, ಹೋದ ವರ್ಷ ಕಾಣದ ಬಂಡೆ ಈ ವರ್ಷ ತಲೆ ಎತ್ತಿರುತ್ತದೆ. ಕಳೆದ ಆಷಾಢದಲ್ಲಿ ಹಳ್ಳದ ಏರಿನಲ್ಲಿ ಜೀಪು ಜಾರಿ ಅಂಥದೊಂದು ಬಂಡೆಯ ಮೇಲೆ ಎಡಮಗ್ಗುಲಿಗೆ ಕುಳಿತಿತು. ಹೊಸ್ತಿಲಿನ ತಗಡು ಮೇಲಕ್ಕೆ ಮಡಚಿಕೊಂಡು ಬಾಗಿಲನ್ನೇ ಕಚ್ಚಿಹಿಡಿಯಿತು. ಒಳಗಿದ್ದ ನನ್ನ ಹೆಂಡತಿ, ಮಂಡಿನೋವಿನ ಮನುಷ್ಯೆ, ಗೇರ್ ದಾಟಿಕೊಂಡು ನನ್ನ ಬದಿಯಿಂದ ಇಳಿಯಬೇಕಾಯಿತು. ಅವತ್ತು ಹಳ್ಳದಲ್ಲಿ ನೀರು ಹೆಚ್ಚಿರಲಿಲ್ಲ. ಹೆಚ್ಚಿದ್ದಿದ್ದರೆ ಎಂಬ ಯೋಚನೆ ಮನೆಯವರೆಲ್ಲರಿಗೂ ಬಂತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಸ್ಲೈಡರ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕಾದರೆ ಜೀಪಿನ ಅಡಿಗೆ ಬಗ್ಗಿ ನೋಡಬೇಕು. ನಮ್ಮ ಥಾರ್‌ನಂಥ ಗಾಡಿಗಳ ಕೆಳಗೆ ಒಂದು ಏಣಿ ಮಲಗಿರುತ್ತದೆ. ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ಇದಕ್ಕೇ ಚಾಸಿ ಎನ್ನುವುದು. ಎಂಜಿನ್ನು, ಚಕ್ರಗಳು, ಮೇಲಿನ ತಗಡಿನ ಮೈ ಎಲ್ಲವೂ ಈ ಏಣಿಯನ್ನು ನಂಬಿಕೊಂಡಿವೆ. ಏಣಿ ಗಾಡಿಯ ಎಲುಬು, ತಗಡು ಅದರ ಚರ್ಮ. ಬಂಡೆಯ ಪೆಟ್ಟು ಚರ್ಮಕ್ಕೆ ಬಿದ್ದರೆ ಮಡಚುತ್ತದೆ, ಎಲುಬಿಗೆ ಬಿದ್ದರೆ ತಡೆಯುತ್ತದೆ. ಸ್ಲೈಡರನ್ನು ಏಣಿಗೇ ಬಿಗಿಯುವುದರಿಂದ, ಗಾಡಿ ಬಂಡೆಯ ಮೇಲೆ ಕುಳಿತಾಗ ಭಾರವೆಲ್ಲ ತಗಡನ್ನು ಮುಟ್ಟದೆ ನೇರವಾಗಿ ಎಲುಬಿಗೆ ಹೋಗುತ್ತದೆ. ಕೊಳವೆ ದುಂಡಗೆ, ನುಣ್ಣಗೆ ಇರುವುದರಿಂದ ಗಾಡಿ ಕಲ್ಲಿನ ಮೇಲೆ ಜಾರಿಕೊಂಡು ಮುಂದೆ ಸಾಗಲೂಬಹುದು. ಸ್ಲೈಡರ್ ಎಂಬ ಹೆಸರು ಬಂದಿರುವುದೇ ಹಾಗೆ.

ಅಂಗಡಿಗಳಲ್ಲಿ ಇದೇ ಆಕಾರದ ಫುಟ್‌ಸ್ಟೆಪ್‌ಗಳೂ ಸಿಗುತ್ತವೆ. ಹೊಳಪು ಜಾಸ್ತಿ, ಬೆಲೆ ಕಡಿಮೆ. ಅವು ಕಾಲಿಟ್ಟು ಹತ್ತಲು ಮಾತ್ರ. ತೆಳು ಪಟ್ಟಿಯ ಆಸರೆಯಲ್ಲಿ ನೇತಾಡುವ ಅಂಥದ್ದು ಬಂಡೆಗೆ ಸಿಕ್ಕರೆ ತಾನೂ ಮಡಚಿ ಹೊಸ್ತಿಲನ್ನೂ ಮಡಚುತ್ತದೆ. ಇನ್ನು ಊರಿನೊಳಗೆ ಓಡುವ ಹೆಚ್ಚಿನ ಕಾರುಗಳಿಗೆ ಅಡಿಯಲ್ಲಿ ಏಣಿಯೇ ಇರುವುದಿಲ್ಲ, ಮೊಟ್ಟೆಯ ಚಿಪ್ಪಿನ ಹಾಗೆ ಮೈಯೇ ಎಲುಬು. ಅವಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಏಣಿ ಇರುವ ಗಾಡಿಯೇ ಆದರೂ ಪೇಟೆಯ ರಸ್ತೆಯಲ್ಲೇ ಓಡಾಡುವವರು ಶೋಕಿಗೆಂದು ಇದನ್ನು ಹಾಕಿಸುವುದು ದಂಡ ಎಂದು ನನ್ನ ಅಭಿಪ್ರಾಯ. ಸುಮ್ಮನೆ ಐವತ್ತು ಕಿಲೋ ಹೊತ್ತು ತಿರುಗಿ ಡೀಸೆಲ್ ಸುಟ್ಟಂತೆ.

ನಮ್ಮ ಸ್ಲೈಡರ್ ಒಂದೊಂದೂ ಸುಮಾರು 25 ಕಿಲೋ ಇತ್ತು. ಪೆಟ್ಟಿಗೆ ಬಿಚ್ಚಿದ ಕೂಡಲೇ ಮೊಮ್ಮಗ ಕೊಳವೆಯ ತುದಿಗೆ ಕಣ್ಣಿಟ್ಟು ನೋಡಿ, “ಅಜ್ಜ, ಇದು ಪೊಳ್ಳು! ನಮಗೆ ಮೋಸ ಮಾಡಿದ್ದಾರೆ” ಎಂದ. ಒಳ್ಳೆಯ ಅನುಮಾನ. ಅವನಿಗೆ ಉತ್ತರ ಹೇಳುವ ಬದಲು ನೋಟ್‌ಬುಕ್ಕಿನ ಒಂದು ಹಾಳೆ ಹರಿಸಿದೆ. ಎರಡು ಲೋಟಗಳ ನಡುವೆ ಹಾಳೆಯನ್ನು ಚಪ್ಪಟೆಯಾಗಿ ಇಟ್ಟು ಮೇಲೊಂದು ಪೆನ್ಸಿಲ್ ಇಟ್ಟರೆ ಬಾಗಿ ಬಿತ್ತು. ಅದೇ ಹಾಳೆಯನ್ನು ಕೊಳವೆಯಾಗಿ ಸುತ್ತಿ ದಾರ ಕಟ್ಟಿ ಇಟ್ಟಾಗ ಪೆನ್ಸಿಲ್ ಹೊತ್ತಿತು, ಮೇಲೆ ಸ್ಕೇಲನ್ನೂ ಹೊತ್ತಿತು. ನೀವೂ ಮಾಡಿ ನೋಡಬಹುದು, ಖರ್ಚು ಒಂದು ಹಾಳೆ.

ಮೊಮ್ಮಗಳಿಗೆ ಲೆಕ್ಕ ಬೇಕಿತ್ತು. ಕೊಳವೆಯ ಹೊರ ಅಗಲ 48 ಮಿಲಿಮೀಟರ್, ಗೋಡೆಯ ದಪ್ಪ 4 ಮಿಲಿಮೀಟರ್. ಇಂಥ ಕೊಳವೆ ಒಂದು ಮೀಟರಿಗೆ ಸುಮಾರು ನಾಲ್ಕೂಕಾಲು ಕಿಲೋ ತೂಗುತ್ತದೆ. ಅಷ್ಟೇ ಉಕ್ಕನ್ನು ಗಟ್ಟಿ ಸರಳು ಮಾಡಿದರೆ ಅದರ ದಪ್ಪ 27 ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಆದರೆ ಬಾಗದೆ ನಿಲ್ಲುವುದರಲ್ಲಿ ಕೊಳವೆ ಆ ಸರಳಿಗಿಂತ ಐದು ಪಟ್ಟಿಗೂ ಹೆಚ್ಚು ಬಿಗಿ. ವಸ್ತು ನಡುವಿನಿಂದ ದೂರ ಇದ್ದಷ್ಟೂ ಬಾಗಿಸುವುದು ಕಷ್ಟ. ನಮ್ಮ ಬೇಲಿಯಾಚೆಯ ಬಿದಿರು ಇದನ್ನು ಯಾವ ಎಂಜಿನಿಯರನ್ನೂ ಕೇಳದೆ ಮಾಡಿಕೊಂಡಿದೆ. ಅವಳು ಎದ್ದು ಹೋಗಿ ಒಂದು ಬಿದಿರಿನ ಗಳುವನ್ನು ಬಾಗಿಸಲು ನೋಡಿದಳು. ವಾಪಸು ಬಂದಾಗ ಕಾಲಿನಲ್ಲಿ ಎರಡು ಇಂಬಳ. ಮಲೆನಾಡಿನಲ್ಲಿ ವಿಜ್ಞಾನಕ್ಕೆ ಅಷ್ಟು ಸುಂಕ ಇದ್ದದ್ದೇ.

ಕೆಲಸಕ್ಕೆ ಮುಂಚೆ ಒಂದು ನಿಯಮ ಮಾಡಿದೆವು. ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಕೂಡದು. ಮಕ್ಕಳಂತೂ ಗಾಡಿ ಹೇಗೆ ನಿಂತಿದ್ದರೂ ಅಡಿಗೆ ನುಸುಳಕೂಡದು. ಜ್ಯಾಕು ಎತ್ತುವುದಕ್ಕೆ ಇರುವ ಸಾಧನ, ಹೊತ್ತು ನಿಲ್ಲುವುದಕ್ಕಲ್ಲ. ಮಣ್ಣಿನ ಅಂಗಳದಲ್ಲಿ ಅದು ಯಾವ ಗಳಿಗೆಯಲ್ಲಾದರೂ ವಾಲಬಹುದು. ಟಯರು ಬಿಚ್ಚಿ ಜ್ಯಾಕಿನ ಭರವಸೆಯ ಮೇಲೆ ಅಡಿಗೆ ನುಸುಳಿದವರ ಕಥೆ ಮೇಸ್ತ್ರಿಯ ಬಳಿ ಇತ್ತು. ಮಕ್ಕಳ ಮುಂದೆ ಅವರು ಅರ್ಧಕ್ಕೇ ನಿಲ್ಲಿಸಿದರು, ಇಬ್ಬರಿಗೂ ಅಷ್ಟೇ ಸಾಕಾಯಿತು.

ಅದೃಷ್ಟಕ್ಕೆ ಈ ಕೆಲಸಕ್ಕೆ ಗಾಡಿ ಎತ್ತುವ ಅಗತ್ಯವೇ ಇಲ್ಲ. ಕಣದ ಸಮತಟ್ಟಾದ ಸಿಮೆಂಟು ನೆಲದಲ್ಲಿ ನಾಲ್ಕೂ ಚಕ್ರ ನೆಲಕ್ಕೆ ಊರಿ, ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳ ಹಿಂದೆ ಮುಂದೆ ಹಲಸಿನ ದಿಮ್ಮಿಯ ತುಂಡು ಕೊಟ್ಟೆವು. ಜ್ಯಾಕು ಬಳಸಿದ್ದು ಸ್ಲೈಡರನ್ನು ಮೇಲೆತ್ತಲು. ಅದು ಜಾರಿದರೂ ಬೀಳುವುದು 25 ಕಿಲೋ, ಇಡೀ ಗಾಡಿಯಲ್ಲ.

ಹಿಂದಿನ ದಿನವೇ ಅಡಿಭಾಗವನ್ನು ನೀರು ಹೊಡೆದು ತೊಳೆದಿದ್ದೆ. ಒಂದು ಬುಟ್ಟಿ ಕೆಂಪು ಮಣ್ಣು ಉದುರಿತು. ಮಡಚಿದ ತಗಡನ್ನು ಮೇಸ್ತ್ರಿ ಮೊದಲೇ ಬಡಿದು ನೇರ ಮಾಡಿ ಬಣ್ಣ ಹಚ್ಚಿದ್ದರು. ಈಗ ಅವರು ಕನ್ನಡಕ ಹಾಕಿಕೊಂಡು ಗೋಣಿಚೀಲದ ಮೇಲೆ ಮಲಗಿ, ಏಣಿಯ ತೊಲೆಗೆ ಅಂಟಿಕೊಂಡು ಹೋಗುವ ಬ್ರೇಕಿನ ಕೊಳವೆ, ಡೀಸೆಲ್ ಕೊಳವೆ, ವೈರುಗಳು ಎಲ್ಲೆಲ್ಲಿವೆ ಎಂದು ಕೈಯಾಡಿಸಿ ನೋಡಿದರು. ಬ್ರಾಕೆಟ್ಟು ಇವುಗಳಲ್ಲಿ ಒಂದನ್ನು ಒತ್ತಿಹಿಡಿದರೂ ಮುಂದೆ ತಿಕ್ಕಿ ತಿಕ್ಕಿ ತೂತಾಗುತ್ತದೆ. ಹೊಸ್ತಿಲು ಉಳಿಸಲು ಹೋಗಿ ಬ್ರೇಕು ಕಳೆದುಕೊಳ್ಳುವ ವ್ಯಾಪಾರ ಯಾರಿಗೂ ಬೇಡ. “ವೆಲ್ಡಿಂಗ್ ಮಾಡಿಬಿಟ್ಟರೆ ಇನ್ನೂ ಗಟ್ಟಿಯಲ್ಲವಾ?” ಎಂದು ಮೊಮ್ಮಗಳು ಕೇಳಿದಳು. “ಡೀಸೆಲ್ ಟ್ಯಾಂಕಿನ ಪಕ್ಕ ಕಿಡಿ ಹಾರಿಸೋ ಕೆಲಸ ಮನೆ ಅಂಗಳದ್ದಲ್ಲ ಮಗಾ” ಎಂದರು ಮೇಸ್ತ್ರಿ. ನಮ್ಮ ಕಿಟ್ಟು ಬೋಲ್ಟಿನಿಂದ ಬಿಗಿಯುವಂಥದ್ದು, ಇದೇ ಮಾದರಿಯ ಗಾಡಿಗೆಂದು ಮಾಡಿದ್ದು. ಬೇಕೆಂದಾಗ ಬಿಚ್ಚಲೂಬಹುದು.

ಮಕ್ಕಳಿಗೆ ಕೊಟ್ಟ ಕೆಲಸ ಸಣ್ಣದಲ್ಲ. ಮೊಮ್ಮಗ ಬೋಲ್ಟು, ನಟ್ಟು, ವಾಷರುಗಳನ್ನು ಅಳತೆಗೆ ತಕ್ಕಂತೆ ಬೇರೆ ಬೇರೆ ತಟ್ಟೆಯಲ್ಲಿ ಜೋಡಿಸಿದ. ತಟ್ಟೆಗಳು ಅಡುಗೆಮನೆಯಿಂದ ಹೋದದ್ದು ಅಜ್ಜಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಗೊತ್ತಾಯಿತು. ಬೋಲ್ಟಿನ ತಲೆಯ ಮೇಲೆ 8.8 ಎಂದು ಕೆತ್ತಿರುವುದನ್ನು ಮೊದಲು ಕಂಡವನೂ ಅವನೇ. ಅದು ಬೋಲ್ಟಿನ ಅಂಕಪಟ್ಟಿ. ಮೊದಲ 8 ಎಂದರೆ ಒಂದು ಚದರ ಮಿಲಿಮೀಟರ್ ಉಕ್ಕು ಹರಿಯಬೇಕಾದರೆ 800 ನ್ಯೂಟನ್, ಅಂದರೆ ಸುಮಾರು 80 ಕಿಲೋ ಭಾರ ಎಳೆಯಬೇಕು. ಚುಕ್ಕಿಯ ನಂತರದ 8 ಎಂದರೆ ಆ ಬಲದ 80 ಭಾಗದವರೆಗೆ ಹಿಗ್ಗಿದರೂ ಬಿಟ್ಟಾಗ ಮೊದಲಿನ ಅಳತೆಗೆ ಮರಳುತ್ತದೆ; ಅದನ್ನು ದಾಟಿದರೆ ಹಿಗ್ಗಿದ್ದು ಹಿಗ್ಗಿದ ಹಾಗೆಯೇ ಉಳಿಯುತ್ತದೆ. ಗುರುತಿಲ್ಲದ ಅಗ್ಗದ ಬೋಲ್ಟು ಸಿಕ್ಕರೆ ಇಂಥ ಕಡೆಗೆ ಬಳಸಬೇಡಿ, ಬೇಲಿಯ ಗೇಟಿಗೆ ಇಟ್ಟುಕೊಳ್ಳಿ.

ಜೋಡಿಸುವಾಗ ಮೇಸ್ತ್ರಿ ಒಂದು ಬೋಲ್ಟನ್ನೂ ಪೂರ್ತಿ ಬಿಗಿಯಲಿಲ್ಲ. ಎಲ್ಲವನ್ನೂ ಬೆರಳಲ್ಲಿ ತಿರುಗಿಸಿ ಸಡಿಲವಾಗಿ ಕೂರಿಸಿ, ಸ್ಲೈಡರ್ ಹಿಂದೆ ಮುಂದೆ ಸಮ ಇದೆಯೇ, ಹೊಸ್ತಿಲಿಗೂ ಕೊಳವೆಗೂ ನಡುವೆ ಉದ್ದಕ್ಕೂ ಒಂದೇ ಸಮ ಜಾಗ ಇದೆಯೇ ಎಂದು ನೋಡಿದರು. ಆ ಜಾಗ ಇರಲೇಬೇಕು. ಪೆಟ್ಟು ಬಿದ್ದಾಗ ಕೊಳವೆ ಕೊಂಚ ಬಾಗಿದರೂ ತಗಡನ್ನು ಮುಟ್ಟಬಾರದು. ನಮ್ಮದರಲ್ಲಿ ಮೊಮ್ಮಗಳ ಎರಡು ಬೆರಳು ತೂರುವಷ್ಟು ಇತ್ತು. ಆಮೇಲೆ ಒಂದು ಈ ತುದಿ, ಒಂದು ಆ ತುದಿ ಎಂದು ಸರದಿಯಲ್ಲಿ ಬಿಗಿದರು. ಒಂದೇ ಕಡೆಯಿಂದ ಬಿಗಿಯುತ್ತ ಹೋದರೆ ಕೊನೆಯ ತೂತಿಗೆ ಬೋಲ್ಟು ಹೋಗುವುದೇ ಇಲ್ಲ.

ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ ಎಂಬ ಸ್ಪ್ಯಾನರ್ ಇತ್ತು. ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುತ್ತದೆ. ದಪ್ಪ ಬೋಲ್ಟುಗಳಿಗೆ ಚೀಟಿಯಲ್ಲಿ ಬರೆದಿದ್ದದ್ದು 80 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಎಂಟು ಕಿಲೋ ಅಕ್ಕಿ ನೇತುಹಾಕಿದಷ್ಟು. ಹಿಡಿ ಅರ್ಧ ಮೀಟರ್ ಆದರೆ ಹದಿನಾರು ಕಿಲೋ ಬೇಕು. ಹೊರಗಿನಿಂದಲೇ ಕೈಗೆಟಕುವ ಎರಡು ಬೋಲ್ಟುಗಳನ್ನು ಮೊಮ್ಮಗಳಿಗೆ ಬಿಟ್ಟುಕೊಟ್ಟರು. ಹಿಡಿಯ ನಡುವೆ ಹಿಡಿದು ಜಗ್ಗಿದಾಗ ಅಲುಗಲಿಲ್ಲ, ತುದಿಯಲ್ಲಿ ಹಿಡಿದಾಗ ಟಕ್ ಎಂದಿತು. ಅವಳ ಮುಖ ನೋಡಬೇಕಿತ್ತು.

ಆಮೇಲೆ ಮೊಮ್ಮಗನ ಪಾಳಿ. ಕೈಗೆಟಕುವ ಪ್ರತಿ ಬೋಲ್ಟಿನ ಮೇಲೂ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಬಿಳಿ ಬಣ್ಣದ ಸಣ್ಣ ಗೆರೆ ಎಳೆದ, ಒಳಗಿನವಕ್ಕೆ ಮೇಸ್ತ್ರಿ ಎಳೆದರು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡಾಗಿ ಕಾಣುತ್ತದೆ.

ಪರೀಕ್ಷೆ ಸಂಜೆ ನಡೆಯಿತು. ಎಲ್ಲರನ್ನೂ ಜಗಲಿಗೆ ಕಳಿಸಿ, ಮೇಸ್ತ್ರಿ ಸ್ಲೈಡರಿನ ನಡುವೆಯೇ ಜ್ಯಾಕು ಕೊಟ್ಟು ಎಡಮಗ್ಗುಲನ್ನು ನಿಧಾನ ಎತ್ತಿದರು. ಟಯರುಗಳ ಮೇಲಿನ ಭಾರ ಇಳಿಯುತ್ತ ಬಂತು. ಆ ಸ್ಥಿತಿಯಲ್ಲೇ ಬದಿಗೆ ನಿಂತು ಬಾಗಿಲು ತೆರೆದು ಮುಚ್ಚಿ ತೋರಿಸಿದರು. ಯಾವ ತಡೆಯೂ ಇಲ್ಲ, ಎಂದಿನ ಸದ್ದು. ಭಾರ ಎಲುಬಿಗೆ ಹೋಗಿದೆ, ಚರ್ಮಕ್ಕೆ ಸುದ್ದಿಯೇ ಇಲ್ಲ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕಾಗಿತ್ತು. ಅಜ್ಜಿ ಮಾತ್ರ ಜಗಲಿಯಿಂದಲೇ, “ಇನ್ನೊಂದು ಸಲ ತೆರೀರಿ ನೋಡೋಣ” ಎಂದಳು. ತೆರೆದರು.

ಕಾನೂನಿನ ಮಾತನ್ನೂ ಹೇಳಬೇಕು. ಗಾಡಿಯನ್ನು ಮನಬಂದಂತೆ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಗಾಡಿಯ ಮೂತಿಗೆ ಹಾಕುವ ಬುಲ್‌ಬಾರುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ದಾರಿಹೋಕರಿಗೂ ಒಳಗಿದ್ದವರಿಗೂ ಅವು ಅಪಾಯ. ನಮ್ಮ ಸ್ಲೈಡರ್ ಟಯರಿನ ಅಂಚಿಗಿಂತ ಹೊರಗೆ ಚಾಚಿಲ್ಲ. ಆದರೂ ತರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ತಿಳಿಸಿದ್ದೆ. ನೀವೂ ಹಾಗೆಯೇ ಮಾಡಿ. ಸ್ಲೈಡರ್ ಇದೆಯೆಂದು ಕಂಡ ಹಳ್ಳ, ಹುಲ್ಲುಗಾವಲುಗಳಿಗೆಲ್ಲ ಗಾಡಿ ನುಗ್ಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದು ಇರುವ ದಾರಿಯಲ್ಲಿ ಮನೆ ತಲುಪಲು.

ನೂರು ಕಿಲೋಮೀಟರ್ ಓಡಿದ ಮೇಲೆ ಗೆರೆಗಳನ್ನು ನೋಡಲು ಮೇಸ್ತ್ರಿ ಹೇಳಿದ್ದರು. ಮಕ್ಕಳು ಆಗಲೇ ಶಾಲೆಗೆ ಮರಳಿದ್ದರು, ಆದ್ದರಿಂದ ಮೊಮ್ಮಗನಿಗೆ ಫೋಟೋ ಕಳಿಸಿದೆ. ಐದು ನಿಮಿಷಕ್ಕೆ ಫೋನು: “ಅಜ್ಜ, ಬಲಗಡೆ ಹಿಂದಿನದು ನೋಡು, ಗೆರೆ ಒಡೆದಿದೆ.” ನಿಜ, ಅಕ್ಕಿಕಾಳಿನಷ್ಟು ಸರಿದಿತ್ತು. ಮೇಸ್ತ್ರಿಯನ್ನು ಕರೆಸಿ ಮತ್ತೆ ಟಕ್ ಎನ್ನುವವರೆಗೆ ಬಿಗಿಸಿದೆ. ಅದೇ ಹೊತ್ತಿಗೆ ಎಡಗಡೆ ಕೊಳವೆಯ ಅಡಿಯಲ್ಲಿ ಗೇಣುದ್ದಕ್ಕೆ ಬಣ್ಣ ಹೋಗಿ ಉಕ್ಕು ಬೆಳ್ಳಗೆ ಕಂಡಿತು. ಎಲ್ಲೋ ಒಂದು ಕಲ್ಲು ತಾಗಿದೆ, ಗಾಡಿಯಲ್ಲಿದ್ದ ನಮಗೆ ಗೊತ್ತೇ ಆಗಿಲ್ಲ. ಬರಿ ಉಕ್ಕನ್ನು ನಮ್ಮ ಮಳೆಗೆ ಬಿಡುವ ಹಾಗಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹಚ್ಚಿ ಒಣಗಲು ಬಿಟ್ಟಿದ್ದೇನೆ. ಮೇಲಿನ ಕಪ್ಪು ಬಣ್ಣವನ್ನು ಕ್ರಿಸ್‌ಮಸ್ ರಜೆಗೆ ಬಂದಾಗ ತಾನೇ ಹಚ್ಚುತ್ತೇನೆಂದು ಮೊಮ್ಮಗಳು ಈಗಲೇ ಹೇಳಿಟ್ಟಿದ್ದಾಳೆ.