ಲಿಫ್ಟ್‌ಗೆ ತಿಳಿಯದ ‘ಇಲೆವೆನ್’

ಇಬ್ಬರು ಲಿಫ್ಟ್ ಹತ್ತುತ್ತಾರೆ. ಒಳಗೆ ಒಂದೂ ಬಟನ್ ಇಲ್ಲ. ಎಷ್ಟನೇ ಮಹಡಿ ಅಂತ ಬಾಯಿಬಿಟ್ಟು ಹೇಳಿದರೆ ಸಾಕು, ಲಿಫ್ಟ್ ತಾನೇ ಕೇಳಿಸಿಕೊಂಡು ಹೊರಡುತ್ತದಂತೆ. ಅವರು ಹೋಗಬೇಕಿರುವುದು ಹನ್ನೊಂದನೇ ಮಹಡಿಗೆ. ‘ಇಲೆವೆನ್’ ಅನ್ನುತ್ತಾರೆ. ಲಿಫ್ಟ್‌ಗೆ ತಿಳಿಯುವುದಿಲ್ಲ, ಇನ್ನೊಮ್ಮೆ ಹೇಳಿ ಅನ್ನುತ್ತದೆ. ಬಿಡಿಸಿ ಹೇಳುತ್ತಾರೆ, ಎಳೆದು ಹೇಳುತ್ತಾರೆ, ಅಮೆರಿಕದವರ ಹಾಗೆ, ಇಂಗ್ಲೆಂಡಿನವರ ಹಾಗೆ ಅಣಕಿಸಿಯೂ ಹೇಳುತ್ತಾರೆ. ಊಹೂಂ! ಕಡೆಗೆ ಲಿಫ್ಟ್ ಜೊತೆ ಜಗಳಕ್ಕೇ ನಿಲ್ಲುತ್ತಾರೆ. ಕಾರಣ ಇಷ್ಟೇ: ಅವರು ಸ್ಕಾಟ್ಲೆಂಡಿನವರು. ಲಿಫ್ಟ್‌ಗೆ ಅವರ ಇಂಗ್ಲಿಷ್ ಬರುವುದಿಲ್ಲ.

ಇದು ಬಿಬಿಸಿ ಸ್ಕಾಟ್ಲೆಂಡಿನ ‘ಬರ್ನಿಸ್ಟನ್’ ಎಂಬ ಹಾಸ್ಯ ಕಾರ್ಯಕ್ರಮದ ತುಣುಕು. ನನಗೆ ಕಳಿಸಿದ್ದು ಗ್ಲಾಸ್ಗೋದಲ್ಲಿ ಎಂಎಸ್ಸಿ ಓದುತ್ತಿರುವ ನಮ್ಮ ದೊಡ್ಡಪ್ಪನ ಮಗಳು. ಹಾಸ್ಟೆಲ್ ರೂಮಿನಲ್ಲಿ ಎಲ್ಲರೂ ಸೇರಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅದೇ ಕಥೆ ನಮ್ಮ ಮನೆಯಲ್ಲೂ ನಡೆಯುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಅಕ್ಕ ಐಇಎಲ್‌ಟಿಎಸ್‌ನಲ್ಲಿ ಒಳ್ಳೆಯ ಬ್ಯಾಂಡ್ ತೆಗೆದುಕೊಂಡೇ ವಿಮಾನ ಹತ್ತಿದವಳು. ಮೊದಲ ವಾರ ಫೋನ್ ಮಾಡಿದಾಗ ಅಳುವುದೊಂದೇ ಬಾಕಿ. ‘ತಮ್ಮಾ, ಇಲ್ಲಿ ಮಂದಿ ಮಾತಾಡೋದು ಇಂಗ್ಲಿಷ್ ಹೌದೋ ಅಲ್ಲೋ ಒಂದೂ ತಿಳಿವಲ್ದು ನೋಡು’ ಅಂದಳು. ಪಕ್ಕದ ಮನೆಯ ಅಜ್ಜಿ ‘ಮೆಸೇಜಸ್’ಗೆ ಹೊರಟಿದ್ದೇನೆ ಅಂದರೆ ಇವಳು ತನ್ನ ಮೊಬೈಲ್ ನೋಡಿಕೊಂಡಳಂತೆ. ಅಲ್ಲಿ ಮೆಸೇಜಸ್ ಅಂದರೆ ಸಂತೆ ಸಾಮಾನು! ‘ಪೀಸ್’ ಅಂದರೆ ಸ್ಯಾಂಡ್‌ವಿಚ್. ಬಸ್ ಡ್ರೈವರ್ ‘ಹೆನ್’ ಅಂತ ಕರೆದನೆಂದು ಸಿಟ್ಟಾಗಿದ್ದಳು. ಆಮೇಲೆ ಗೊತ್ತಾಯಿತು, ಗ್ಲಾಸ್ಗೋದಲ್ಲಿ ಹೆಂಗಸರನ್ನು ಪ್ರೀತಿಯಿಂದ ಕರೆಯುವುದೇ ಹಾಗೆ. ನಮ್ಮ ಕಡೆ ಗುರುತಿಲ್ಲದವರನ್ನೂ ‘ಯವ್ವಾ’ ಅಂದ ಹಾಗೆ. ‘ಆಯ್’ ಅಂದರೆ ಹೌದು. ಆದರೆ ‘ಆಯ್, ರೈಟ್’ ಅಂತ ರಾಗ ಎಳೆದರೆ, ಇದನ್ನು ಯಾರು ನಂಬುತ್ತಾರೆ ಎಂದರ್ಥ. ದಿನವಿಡೀ ಜಿಟಿಜಿಟಿ ಮಳೆ, ಮಂಕು ಆಕಾಶ ಇದ್ದರೆ ಅದು ‘ಡ್ರೀಖ್’. ಮೈ ಕೊರೆಯುವ ಚಳಿ ಇದ್ದರೆ ‘ಬಾಲ್ಟಿಕ್’. ಎಲ್ಲದರ ಮುಂದೂ ಒಂದು ‘ವೀ’, ಅಂದರೆ ಪುಟ್ಟ: ವೀ ಚಹಾ, ವೀ ನಿಮಿಷ.

ಒಂದೇ ಒಂದು ಪ್ರಶ್ನೆ ಮಾತ್ರ ಅವಳಿಗೆ ತಟ್ಟನೆ ತಿಳಿಯಿತು. ‘ವೇರ್ ಡು ಯು ಸ್ಟೇ?’ ನಾವೂ ಮನೆ ಎಲ್ಲಿ ಅಂತ ಕೇಳುವುದು ಹೀಗೇ ಅಲ್ಲವೇ? ಲಂಡನ್‌ನಿಂದ ಬಂದ ಅವಳ ರೂಮ್‌ಮೇಟ್‌ಗೆ ಮಾತ್ರ ಇದು ವಿಚಿತ್ರ. ಅವಳ ಪ್ರಕಾರ ‘ಸ್ಟೇ’ ಮಾಡುವುದು ಹೋಟೆಲ್‌ನಲ್ಲಿ. ಸ್ಕಾಟ್ಲೆಂಡಿನಲ್ಲಿ ಎಷ್ಟೋ ಜನ ಫಿಲ್ಮ್ ಅನ್ನುವುದನ್ನು ‘ಫಿಲಮ್’ ಅಂತಲೇ ಹೇಳುತ್ತಾರೆ ಎಂದಾಗ ನನಗೆ ಎಷ್ಟು ಸಮಾಧಾನ!

ಒಂದು ನಾಡು, ಹಲವು ನುಡಿ

ಸ್ಕಾಟ್ಲೆಂಡಿನಲ್ಲಿ ಇರುವುದು ಒಂದೇ ಮಾತಲ್ಲ. ಸ್ಕಾಟಿಷ್ ಉಚ್ಚಾರಣೆಯ ಇಂಗ್ಲಿಷ್ ಒಂದು. ಇಂಗ್ಲಿಷಿನ ಒಡಹುಟ್ಟಿನಂತಿರುವ ‘ಸ್ಕಾಟ್ಸ್’ ಇನ್ನೊಂದು. ಇವೆರಡಕ್ಕೂ ನೇರ ನಂಟಿಲ್ಲದ, ಕೆಲ್ಟಿಕ್ ಕುಟುಂಬದ ಗೇಲಿಕ್ ಮತ್ತೊಂದು. ನಾವು ದಿನಾ ಬಳಸುವ ‘ಸ್ಲೋಗನ್’ ಎಂಬ ಪದ ಮೂಲದಲ್ಲಿ ಗೇಲಿಕ್ ಭಾಷೆಯ ಯುದ್ಧದ ಕೂಗು.

ಗ್ಲಾಸ್ಗೋದಿಂದ ಎಡಿನ್‌ಬರೊಗೆ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಅಷ್ಟರಲ್ಲೇ ಮಾತು ಬದಲು. ಗ್ಲಾಸ್ಗೋದಲ್ಲಿ ಮಗು ‘ವೇನ್’, ಎಡಿನ್‌ಬರೊ ಕಡೆ ‘ಬೇರ್ನ್’. ಉತ್ತರಕ್ಕೆ ಅಬರ್ಡೀನ್ ಕಡೆ ಹೋದರೆ ಡೋರಿಕ್ ಎಂಬ ಉಪಭಾಷೆ. ಅಲ್ಲಿ ‘ವಾಟ್’ ಎಂಬುದು ‘ಫಿಟ್’ ಆಗುತ್ತದೆ, ‘ವೇರ್’ ಎಂಬುದು ‘ಫಾರ್’. ‘ಫಿಟ್ ಲೈಕ್?’ ಅಂದರೆ ಹೇಗಿದ್ದೀರಿ ಎಂದು. ಹುಡುಗ ‘ಲೂನ್’, ಹುಡುಗಿ ‘ಕ್ವೈನ್’. 2012ರ ಪಿಕ್ಸರ್ ಸಿನಿಮಾ ‘ಬ್ರೇವ್’ನಲ್ಲಿ ಒಬ್ಬ ದಪ್ಪ ಹುಡುಗ ಏನು ಹೇಳಿದರೂ ಯಾರಿಗೂ ತಿಳಿಯುವುದಿಲ್ಲ, ನೆನಪಿದೆಯೇ? ಅವನು ಆಡುವುದು ಡೋರಿಕ್. ಇನ್ನೂ ಮೇಲೆ ಶೆಟ್ಲೆಂಡ್ ದ್ವೀಪಗಳಿಗೆ ಹೋದರೆ ‘ವೀ’ ಕೂಡ ಹೋಗಿ ‘ಪೀರಿ’ ಬರುತ್ತದೆ. 1469ರವರೆಗೂ ಆ ದ್ವೀಪಗಳು ನಾರ್ವೆಯ ಕಡೆ ಇದ್ದವು. ಆ ಛಾಯೆ ಇಂದಿಗೂ ಮಾತಿನಲ್ಲಿದೆ.

ನನಗೆ ಬಹಳ ಹಿಡಿಸಿದ ವಿಷಯ ಬೇರೆ. ಸ್ಕಾಟ್ಸ್ ಮಾತಾಡುವವರು ಹೌಸ್‌ಗೆ ‘ಹೂಸ್’, ಮೌಸ್‌ಗೆ ‘ಮೂಸ್’ ಅನ್ನುತ್ತಾರೆ. ಕೇಳಿದವರು ಇಂಗ್ಲಿಷ್ ಕೆಡಿಸಿದ್ದಾರೆ ಅಂತ ನಗುತ್ತಾರೆ. ನಿಜ ನೋಡಿದರೆ ಹಳೆಯ ಇಂಗ್ಲಿಷಿನಲ್ಲಿ ಆ ಪದ ಇದ್ದದ್ದೇ ‘ಹೂಸ್’! ಮುಂದೆ ದಕ್ಷಿಣದವರ ಬಾಯಲ್ಲಿ ದೀರ್ಘ ಸ್ವರಗಳು ಬದಲಾದವು. ಉತ್ತರದಲ್ಲಿ ಈ ‘ಊ’ ಹಾಗೇ ಉಳಿಯಿತು. ಮಾತು ಬದಲಿಸಿದವರು ಶುದ್ಧರಾದರು, ಉಳಿಸಿಕೊಂಡವರು ಹಳ್ಳಿಗಮಾರರಾದರು.

ನಾಚಿಕೆ ಹುಟ್ಟಿದ್ದು ಹೇಗೆ?

ಸ್ಕಾಟ್ಸ್ ಒಂದು ಕಾಲಕ್ಕೆ ರಾಜರ ಆಸ್ಥಾನದ ಭಾಷೆ. 1603ರಲ್ಲಿ ಅಲ್ಲಿನ ದೊರೆ ಆರನೇ ಜೇಮ್ಸ್ ಇಂಗ್ಲೆಂಡಿಗೂ ರಾಜನಾಗಿ ಲಂಡನ್ ಸೇರಿದ. 1707ರಲ್ಲಿ ಎರಡೂ ದೇಶಗಳ ಸಂಸತ್ತು ಒಂದಾಯಿತು. ಅಧಿಕಾರ ಲಂಡನ್‌ಗೆ ಹೋದ ಮೇಲೆ ಅಲ್ಲಿನ ಮಾತೇ ದೊಡ್ಡ ಮಾತಾಯಿತು. ಜಗತ್ಪ್ರಸಿದ್ಧ ತತ್ವಜ್ಞಾನಿ ಡೇವಿಡ್ ಹ್ಯೂಮ್ 1752ರಲ್ಲಿ ಬರವಣಿಗೆಯಲ್ಲಿ ನುಸುಳಬಾರದ ಸ್ಕಾಟಿಷ್ ಪ್ರಯೋಗಗಳ ಪಟ್ಟಿಯನ್ನೇ ಅಚ್ಚು ಹಾಕಿಸಿದ. 1761ರಲ್ಲಿ ಎಡಿನ್‌ಬರೊದ ದೊಡ್ಡ ಮನುಷ್ಯರು ಚೆಂದದ ಇಂಗ್ಲಿಷ್ ಕಲಿಯಲು ಥಾಮಸ್ ಶೆರಿಡನ್ ಎಂಬುವನ ಉಪನ್ಯಾಸಕ್ಕೆ ಮುಗಿಬಿದ್ದರು. ತಮಾಷೆ ಎಂದರೆ ಆ ಮೇಷ್ಟ್ರು ಐರ್ಲೆಂಡಿನವನು! 1872ರಲ್ಲಿ ಶಿಕ್ಷಣ ಕಡ್ಡಾಯವಾದ ಮೇಲೆ ತರಗತಿಯಲ್ಲಿ ಮನೆಮಾತು ಆಡಿದ ಎಷ್ಟೋ ಮಕ್ಕಳು ಏಟು ತಿಂದರು.

ಆದರೂ ಮಾತು ಸಾಯಲಿಲ್ಲ. ರಾಬರ್ಟ್ ಬರ್ನ್ಸ್ ಸ್ಕಾಟ್ಸ್‌ನಲ್ಲೇ ಪದ್ಯ ಕಟ್ಟಿದ. ಗ್ಲಾಸ್ಗೋದ ಬೀದಿಮಾತಿನಲ್ಲಿ ಕಾದಂಬರಿ ಬರೆದ ಜೇಮ್ಸ್ ಕೆಲ್ಮನ್ 1994ರಲ್ಲಿ ಬುಕರ್ ಗೆದ್ದರು. ಇದಕ್ಕೆ ಪ್ರಶಸ್ತಿಯೇ ಎಂದು ತೀರ್ಪುಗಾರರಲ್ಲೇ ಒಬ್ಬರು ಮುನಿಸಿಕೊಂಡರು. 2022ರ ಜನಗಣತಿಯಲ್ಲಿ ಸುಮಾರು 54 ಲಕ್ಷ ಜನರ ಆ ನಾಡಿನಲ್ಲಿ 15 ಲಕ್ಷದಷ್ಟು ಮಂದಿ ನಮಗೆ ಸ್ಕಾಟ್ಸ್ ಮಾತಾಡಲು ಬರುತ್ತದೆ ಎಂದಿದ್ದಾರೆ. 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ಕೊಡುವ ಕಾಯ್ದೆಗೆ ಒಪ್ಪಿಗೆ ನೀಡಿತು.

ಅವ್ವ ಮತ್ತು ಫ್ಯಾನ್

ಈಗ ನಮ್ಮ ಮನೆಯ ಕಥೆ. ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಸೇರಿ ಕನ್ನಡದಲ್ಲಿ ಹೇಳಿದರೆ ಫ್ಯಾನ್, ಲೈಟ್ ಹತ್ತಿಸುವ ಸಾಧನ ಮಾಡಿದ್ದೆವು. ಒಂದು ಪುಟ್ಟ ಬೋರ್ಡ್, ಒಂದು ಮೈಕ್, ಎರಡು ರಿಲೇ. ಕಲಿಸಲು ಹಾಸ್ಟೆಲ್ ಗೆಳೆಯರ ದನಿ ರೆಕಾರ್ಡ್ ಮಾಡಿಕೊಂಡೆವು. ಯಂತ್ರ ಯಾರ ಮಾತು ಕೇಳಿ ಕಲಿಯುತ್ತದೋ ಅವರ ಮಾತಷ್ಟೇ ಅದಕ್ಕೆ ಭಾಷೆ. ನಾನು ಗದಗ ಕಡೆಯವನಾದರೂ ‘ಫ್ಯಾನ್ ಹಾಕು’ ಅಂತಲೇ ರೆಕಾರ್ಡ್ ಮಾಡಿದ್ದೆ. ಮೊದಲ ವರ್ಷ ನನ್ನ ‘ಹೊಂಟೇನ್ರಿ’, ‘ಬರಾಕತ್ತೇನ್ರಿ’ ಕೇಳಿ ತರಗತಿ ನಕ್ಕಿದ್ದೇ ನಕ್ಕಿದ್ದು. ಅಂದಿನಿಂದ ಊರಿನ ಮಾತನ್ನು ಬಸ್ ಸ್ಟ್ಯಾಂಡಿನಲ್ಲೇ ಇಳಿಸಿ ಬರುವುದು ರೂಢಿಯಾಗಿತ್ತು.

ಒಳ್ಳೆಯ ಮಾರ್ಕ್ಸ್ ಬಂತು. ರಜೆಗೆ ಹೋದಾಗ ಹೆಮ್ಮೆಯಿಂದ ಅವ್ವನ ಮುಂದೆ ಇಟ್ಟೆ. ಅವ್ವ ಮೈಕ್ ಕಡೆ ಬಾಗಿ ‘ಫ್ಯಾನ್ ಹಚ್ಚು’ ಅಂದಳು. ಸುದ್ದಿಯೇ ಇಲ್ಲ. ಮತ್ತೆ ಅಂದಳು. ಇಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು ಟಿ.ವಿ.ಯಲ್ಲಿ ವಾರ್ತೆ ಓದುವವರ ಹಾಗೆ ನಾಜೂಕಾಗಿ ಹೇಳಿ ನೋಡಿದಳು. ಫ್ಯಾನ್ ಅಲುಗಲಿಲ್ಲ. ‘ನಮ್ಮ ಮಾತು ಇದಕ್ಕ ತಿಳಿಯಂಗಿಲ್ಲೇನಪಾ?’ ಅಂದು ನಗುತ್ತಾ ಒಳಗೆ ಹೋದಳು. ಲಿಫ್ಟಿನ ಆ ಇಬ್ಬರು ನೆನಪಾದರು. ಈ ಸಲ ನನಗೆ ನಗು ಬರಲಿಲ್ಲ. ಅವ್ವನ ಮಾತು ತಿಳಿಯದ ಯಂತ್ರವನ್ನು ಕಟ್ಟಿದವನು ನಾನೇ.

ದೂರದಲ್ಲಿರುವವರ ದನಿಯನ್ನು ತಂತಿಯಲ್ಲಿ ತಂದುಕೊಟ್ಟ ಗ್ರಹಾಂ ಬೆಲ್ ಹುಟ್ಟಿದ್ದು ಎಡಿನ್‌ಬರೊದಲ್ಲಿ. ಟೆಲಿಫೋನ್ ಯಾರ ಉಚ್ಚಾರಣೆಯನ್ನೂ ತಿದ್ದಲಿಲ್ಲ, ಇದ್ದದ್ದನ್ನು ಇದ್ದಹಾಗೆ ಮುಟ್ಟಿಸಿತು. ಆ ರಜೆಯಲ್ಲಿ ಅವ್ವ, ಕಾಕಾ, ಓಣಿಯ ಹತ್ತಾರು ಮಂದಿಯ ದನಿ ಸೇರಿಸಿ ಯಂತ್ರಕ್ಕೆ ಮತ್ತೆ ಪಾಠ ಮಾಡಿದೆ. ಈಗ ‘ಹಾಕು’ ಅಂದರೂ ತಿರುಗುತ್ತದೆ, ‘ಹಚ್ಚು’ ಅಂದರೂ ತಿರುಗುತ್ತದೆ. ನಾನೂ ಹಾಸ್ಟೆಲ್‌ನಲ್ಲಿ ‘ಹೊಂಟೇನ್ರಿ’ ಅನ್ನತೊಡಗಿದ್ದೇನೆ.

ಇನ್ನು ಅಕ್ಕನ ವಿಷಯ. ಈಗ ಫೋನಿನಲ್ಲಿ ಮಾತುಮಾತಿಗೂ ‘ಆಯ್, ಆಯ್’ ಅನ್ನುತ್ತಾಳೆ. ಮೊನ್ನೆ ದೊಡ್ಡವ್ವ ಗಾಬರಿಯಾಗಿ ನನ್ನನ್ನು ಕೇಳಿದಳು: ‘ಆಕಿಗೆ ಎಲ್ಲಿ ಬ್ಯಾನಿ ಆಗೇತಿ, ವಿಚಾರ್ಸೋ ತಮ್ಮಾ!’